ಗುರುವಾರದ ಊಟ

ಪರಸಪ್ಪನ ಎರಡೂ ಕಣ್ಣಿಗೆ ಹನಿ ಹಾಕಿದ ಡಾಕ್ಟರು, ಇನ್ನು ಸ್ವಲ್ಪ ಹೊತ್ತು ಎಲ್ಲ ಮಸುಕಾಗಿಯೇ ಕಾಣುತ್ತದೆ, ಊಟ ಮುಗಿಸಿಕೊಂಡು ಬನ್ನಿ, ಆಮೇಲೆ ನೋಡುತ್ತೇನೆ ಎಂದು ಹೊರಗೆ ಕಳಿಸಿದರು. ತುಕ್ಕಾನಟ್ಟಿಯಲ್ಲಿ ಬೆಳಿಗ್ಗೆ ಬರೀ ಚಹಾ ಕುಡಿದು ಬಸ್ಸು ಹತ್ತಿದ್ದ ಮುದುಕ ಗೋಕಾಕದ ಆ ದವಾಖಾನೆಯ ಮೆಟ್ಟಿಲ ಮೇಲೆ ಸೊಸೆ ನಾಗರತ್ನಾಳ ಕೈ ಹಿಡಿದುಕೊಂಡು ನಿಂತ.

"ನಾಗವ್ವಾ, ಹಸಿವಿ ಆಗೇತಿ."

"ಬುತ್ತಿ ತಂದಿಲ್ರಿ ಮಾವಾರ. ಲಗೂನ ಮುಗೀತೈತಿ ಅಂತ ತಿಳದಿದ್ನಿ."

"ಬುತ್ತಿ ಯಾಕ ಬೇಕ? ಇಷ್ಟ ದೊಡ್ಡ ಊರಾಗ ಒಂದ ಖಾನಾವಳಿ ಇರಾಂಗಿಲ್ಲೇನ."

ನಾಗರತ್ನಾ ಪಾನಪಟ್ಟಿ ಅಂಗಡಿಯವನನ್ನು ಕೇಳಿದಳು. ಅವನು ಹಳೇ ಪೇಟೆಯ ಒಂದು ಸಂದಿಯ ಕಡೆ ಕೈ ಮಾಡಿ, "ಅಲ್ಲಿ ಕಿರಾಣಿ ಅಂಗಡಿ ಐತಿ ನೋಡ್ರಿ. ಜ್ವಾಳದ ಚೀಲದ ನಡಬರಕ ಹಾದಿ ಐತಿ. ಅದ್ರಾಗ ಒಳಗ ಹೋಗ್ರಿ. ಇಂದುಬಾಯಿ ಖಾನಾವಳಿ" ಎಂದ.

ಹೊರಗೆ ಬೋರ್ಡು ಇರಲಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಬಾಬಾಸಾಹೇಬ ಎಂಬ ಜೈನ ಯಜಮಾನ ತಕ್ಕಡಿ ಮುಂದಿಟ್ಟುಕೊಂಡು ಕುಳಿತಿದ್ದ. ಅವನ ಸುತ್ತ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳ ಡಬ್ಬಿಗಳು, ಆಳೆತ್ತರಕ್ಕೆ ಪೇರಿಸಿದ ಖಡಕ್ ರೊಟ್ಟಿ, ಹಪ್ಪಳ, ಸಂಡಿಗೆ, ನೀರಲ್ಲಿ ತೇಲುತ್ತಿದ್ದ ಬೆಣ್ಣೆಯ ಉಂಡೆಗಳು. ಚೀಲಗಳ ನಡುವೆ ಒಬ್ಬರೇ ನುಸುಳುವಷ್ಟು ದಾರಿ. ಅದನ್ನು ದಾಟಿದರೆ ತಗಡಿನ ಮಾಡಿನ ಕೆಳಗೆ ನಾಲ್ಕು ಕಲ್ಲಿನ ಮೇಜು, ಹಲಗೆಯ ಬೆಂಚು, ಗೋಡೆಗೊಂದು ನಳ. ಒಳಗಿನ ಕೋಣೆಯಿಂದ ರೊಟ್ಟಿ ಬಡಿಯುವ ಸಪ್ಪಳ ಒಂದೇ ಸಮನೆ ಬರುತ್ತಿತ್ತು.

ಬಾಬಾಸಾಹೇಬನ ಹೆಂಡತಿ ಇಂದುಬಾಯಿ ಎದುರು ಬಂದಳು. ದಪ್ಪ ಕನ್ನಡಕದ, ಮಾತಿನಲ್ಲಿ ಮರಾಠಿ ಬೆರೆಸುವ ಹೆಂಗಸು. ಪರಸಪ್ಪ ಕಿಸೆಯಿಂದ ಒಂದು ಉಳ್ಳಾಗಡ್ಡಿ ತೆಗೆದು ಮೇಜಿನ ಮೇಲೆ ಇಡುತ್ತಿರುವುದನ್ನು ಅವಳು ನೋಡಿದಳು. ಕುರಿ ಹಿಂದೆ ತಿರುಗಿದ ಕಾಲದಿಂದ ಅವನ ಕಿಸೆಯಲ್ಲಿ ಅದು ಇದ್ದೇ ಇರುತ್ತಿತ್ತು.

"ಕಾಕಾ, ಇಲ್ಲಿ ಅದನ್ನ ತಿನ್ನಾಂಗಿಲ್ರಿ. ನಮ್ಮಲ್ಲಿ ನಡಿಯಾಂಗಿಲ್ಲ."

"ನಾ ನಿಮ್ಮದ ಬೇಡಿಲ್ಲವಾ. ನಂದ ನಾ ತಂದೇನಿ."

"ನಿಮ್ಮದ ಆದ್ರೂ ಹೊರಗ ಕಟ್ಟಿ ಮ್ಯಾಲ ಇಟ್ಟ ಬರ್ರಿ. ಹೋಗುವಾಗ ಒಯ್ರಿ. ಯಾರೂ ಕದಿಯೂದಿಲ್ಲ."

ಉಳ್ಳಾಗಡ್ಡಿ ಹೊರಗೆ ಹೋಯಿತು. ನಾಗರತ್ನಾ ಮಾವನನ್ನು ಬೆಂಚಿನ ಮೇಲೆ ಕೂರಿಸಿ, ತಾನು ಗೋಡೆಗೆ ಸರಿದು ನಿಂತಳು. ಅವನು ಉಂಡ ಮೇಲೆ ತಾನು ಒಂದಿಷ್ಟು ಏನಾದರೂ ತಿಂದರಾಯಿತು ಎಂಬುದು ಅವಳ ಲೆಕ್ಕ. ಆದರೆ ಊಟದ ಗಂಗಾಳ ಬಂದ ಮೇಲೆ ಪರಸಪ್ಪನ ಬೆರಳು ಪಲ್ಲೆಗೆ ಹೋಗುವ ಬದಲು ನೀರಿನ ಲೋಟಕ್ಕೆ ಹೋಯಿತು. "ಬಾಜೂಕ ಕುಂಡ್ರ ಬಾರವಾ, ನನಗ ಏನೂ ಕಾಣವಲ್ದು" ಎಂದ. ಅವಳು ಕುಳಿತಳು. ಕುಳಿತವಳ ಮುಂದೆಯೂ ಇಂದುಬಾಯಿ ಒಂದು ಗಂಗಾಳ ಇಟ್ಟಳು. ಹೆಸರುಬೇಳೆಯ ಪಲ್ಲೆ, ಮೆಂತ್ಯೆ ಸೊಪ್ಪು, ಮೊಸರು ಕಲಸಿದ ಶೇಂಗಾ ಹಿಂಡಿ, ಮೇಲೆ ಈಗಷ್ಟೇ ಹಂಚಿನಿಂದ ಇಳಿದ, ಇನ್ನೂ ಉಬ್ಬಿಕೊಂಡೇ ಇದ್ದ ಜೋಳದ ರೊಟ್ಟಿ.

ಮುರಿದರೆ ಒಳಗಿನಿಂದ ಹಬೆ ಬಂದು ಬೆರಳು ಚುರುಕ್ಕೆಂದಿತು. ಅವಳು ಅದನ್ನು ತಿಂದಳು. ಮುಗಿಯುವ ಮೊದಲೇ ಇನ್ನೊಂದು ಬಿತ್ತು. ಬೇಡ ಅನ್ನಲು ಕೈ ಎತ್ತಿ, ಹಾಗೇ ಇಳಿಸಿದಳು.

ಪರಸಪ್ಪ ಕಾಣದ ಕಣ್ಣಿನಿಂದ ಅವಳ ಕಡೆ ತಿರುಗಿ, "ಎಷ್ಟ ತಿಂದಿ?" ಎಂದ.

"ಐದ್ರಿ."

"ಮನ್ಯಾಗ ಎರಡ ತಿಂತಿ ಅಲಾ?"

"ಮನ್ಯಾಗ ಆರಿ ತಣ್ಣಗಾಗಿರತಾವ್ರಿ."

ಅವಳು ಅದನ್ನು ದೂರಿನಂತೆ ಹೇಳಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಳು ಅಷ್ಟೇ. ಪರಸಪ್ಪನೂ ಹೂಂ ಎಂದು ಮಜ್ಜಿಗೆ ಕುಡಿದ. ಹೊರಗೆ ಬಂದಾಗ ಉಳ್ಳಾಗಡ್ಡಿ ಕಟ್ಟೆಯ ಮೇಲೇ ಇತ್ತು. ಉಳ್ಳಾಗಡ್ಡಿ ಕಟ್ಟೆಯ ಮೇಲೇ ಇತ್ತು.

ಪರಸಪ್ಪ ಬಾಯಿ ಮುಚ್ಚಿಕೊಂಡಿದ್ದರೆ ಆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಪೇಟೆಗೆ ಹೋಗಿ ಬಂದ ದಿನ ಅವನು ಏನಾದರೂ ಒಂದು ಮೋಜಿನ ಸುದ್ದಿ ಹೇಳದೆ ಊಟ ಮಾಡುವವನಲ್ಲ. ಸಂಜೆ ಪಡಸಾಲೆಯಲ್ಲಿ ಮಗ ಸದಾಶಿವನ ಜೊತೆ ಊಟಕ್ಕೆ ಕುಳಿತಾಗ, ಒಲೆಯ ಕಡೆ ಗದ್ದ ತೋರಿಸಿ ನಕ್ಕ.

"ಇವತ್ತ ನಿನ್ನ ಹೇಂತಿ ಐದು ರೊಟ್ಟಿ ಹೊಡದಾಳ ನೋಡು."

ಸದಾಶಿವನೂ ನಕ್ಕ. ಹೊಸ್ತಿಲ ಬಳಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದ ಪರಸಪ್ಪನ ಹೆಂಡತಿ ಯಲ್ಲಕ್ಕ ಮಾತ್ರ ನಗಲಿಲ್ಲ.

"ಮನ್ಯಾಗ ಎರಡ ತಿನ್ನಾಕಿಗಿ ಅಲ್ಲಿ ಐದು ಯಾಕ ಹೋದು?"

"ನಾನೂ ಅದನ್ನ ಕೇಳಿದ್ನಿ. ಮನ್ಯಾಗ ಆರಿರತಾವ ಅಂದ್ಲು."

ಬೆಳ್ಳುಳ್ಳಿಯ ಮೇಲಿದ್ದ ಕೈ ನಿಂತಿತು. "ಅಂದ್ರ ನಾವು ಸೊಸಿಗಿ ಆರಿದ್ದು ಹಾಕ್ತೇವಿ ಅಂತ ಪೇಟ್ಯಾಗ ಹೇಳಿ ಬಂದ್ಲೇನ?"

"ಹಂಗ ಅಂದಿಲ್ರಿ ಅತ್ತಿ," ಎಂದಳು ನಾಗರತ್ನಾ ಒಲೆಯ ಮುಂದಿನಿಂದ.

"ಮತ್ತ ಹೆಂಗ ಅಂದಿ?"

"ಆರಿರತಾವ ಅಂದ್ನಿ. ಆರಿಯೇ ಇರತಾವಲ್ರಿ."

ಅದು ಸುಳ್ಳೇನೂ ಆಗಿರಲಿಲ್ಲ. ಆ ಮನೆಯಲ್ಲಿ ಮೊದಲು ಗಂಡಸರು, ಆಮೇಲೆ ಯಲ್ಲಕ್ಕ, ನಿಡಸೋಸಿಯ ಇಂಜಿನಿಯರಿಂಗ್ ಕಾಲೇಜಿನಿಂದ ಮೊಮ್ಮಗಳು ಅನುರಾಧಾ ಬಂದಿದ್ದರೆ ಅವಳು, ಕೊನೆಗೆ ಒಲೆ ಆರಿಸಿ, ಹಂಚು ಇಳಿಸಿ, ಎಮ್ಮೆಗೆ ಮೇವು ಹಾಕಿ ಬಂದ ನಾಗರತ್ನಾ. ಹಾಗೆಂದು ಯಾರೂ ನಿಯಮ ಮಾಡಿರಲಿಲ್ಲ. ಬಿಸಿ ರೊಟ್ಟಿ ಬಡಿಯುವವಳು ಏಳುವಂತಿರಲಿಲ್ಲ, ಅವಳು ಎದ್ದರೆ ರೊಟ್ಟಿ ನಿಲ್ಲುತ್ತಿತ್ತು, ಅಷ್ಟೇ.

ಮನೆಯ ಬೆಣ್ಣೆಯನ್ನು ಪ್ರತಿ ಗುರುವಾರ ಸೈಕಲ್ ಮೇಲೆ ಬರುವ ವ್ಯಾಪಾರಿಯೊಬ್ಬ ಒಯ್ಯುತ್ತಿದ್ದ. ಆ ವಾರ ಅವನು ಬರುವ ಮೊದಲೇ ನಾಗರತ್ನಾ ಬೆಣ್ಣೆಯ ಪಾತ್ರೆಗೆ ಬಟ್ಟೆ ಕಟ್ಟಿ ಹೊರಟು ನಿಂತಳು.

"ಎಲ್ಲಿಗಿ?" ಎಂದಳು ಯಲ್ಲಕ್ಕ.

"ಗೋಕಾಕಕ್ಕರಿ. ಬಾಬಾಸಾಹೇಬರ ಅಂಗಡ್ಯಾಗ ಬೆಣ್ಣಿಗಿ ಚಲೋ ರೇಟ ಐತಿ. ಕೇಳಿ ಬಂದೇನಿ."

ರೇಟು ಎಂದ ಮೇಲೆ ಯಲ್ಲಕ್ಕ ಬೇಡ ಅನ್ನಲಾರದೆ ಹೋದಳು. ಸಂಜೆ ನಾಗರತ್ನಾ ತಂದುಕೊಟ್ಟ ಹಣ ವ್ಯಾಪಾರಿ ಕೊಡುತ್ತಿದ್ದುದಕ್ಕಿಂತ ಹೆಚ್ಚೇ ಇತ್ತು. ಯಲ್ಲಕ್ಕ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಇದರಾಗ ಒಂದ ಊಟದ್ದು ಮುರಕೊಂಡೇನ್ರಿ," ಎಂದಳು ಸೊಸೆ.

"ಯಾರ ಊಟ?"

"ನಂದು."

"ಒಬ್ಬಾಕಿನ ಕುಂತು ಉಂಡಿ?"

"ಒಬ್ಬಾಕಿನರಿ."

ಅಂದು ಮಧ್ಯಾಹ್ನ ಅವಳು ಚೀಲಗಳ ನಡುವೆ ನುಸುಳಿ ಒಬ್ಬಳೇ ಒಳಗೆ ಹೋಗಿದ್ದಳು. ಕಬ್ಬಿನ ಲಾರಿಯ ಡ್ರೈವರುಗಳು, ಒಬ್ಬ ಬಸ್ ಕಂಡಕ್ಟರು, ಕೋರ್ಟಿಗೆ ಬಂದ ಇಬ್ಬರು ಮುದುಕರು ತಲೆಯೆತ್ತಿ ನೋಡಿದರು. ಇಂದುಬಾಯಿ, "ಒಬ್ರ ಬಂದೀರೇನ್ರಿ?" ಎಂದು ಕೇಳಿದಳು. ಹೌದು ಅಂದ ಕೂಡಲೇ ಗೋಡೆ ಬದಿಯ ಜಾಗ ಒರೆಸಿ, "ಕುಂಡ್ರಿ" ಎಂದಳು. ಅಷ್ಟರಲ್ಲಿ ನೋಡಿದವರ ಗಂಗಾಳಕ್ಕೆ ಬಿಸಿ ರೊಟ್ಟಿ ಬಿತ್ತು. ಅವರು ತಮ್ಮ ಊಟಕ್ಕೆ ತಾವು ತಲೆ ಬಗ್ಗಿಸಿದರು.

ಮುಂದಿನ ಗುರುವಾರವೂ ಹೋದಳು. ಅದರ ಮುಂದಿನ ಗುರುವಾರವೂ. ಬದನೆಕಾಯಿ ಎಣ್ಣೆಗಾಯಿಯನ್ನು ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲದೆ ಹೇಗೆ ಮಾಡುತ್ತಾರೆಂದು ಇಂದುಬಾಯಿಯಿಂದ ಕೇಳಿ ತಿಳಿದುಕೊಂಡಳು. ಬರುವಾಗ ಅಂಗಡಿಯಿಂದ ಏನಾದರೂ ಸ್ವಲ್ಪ ಕಟ್ಟಿಸಿಕೊಂಡು ಬರುತ್ತಿದ್ದಳು. ಒಮ್ಮೆ ಗುರೆಳ್ಳು ಹಿಂಡಿ, ಒಮ್ಮೆ ಮಾವನಿಗೆಂದು ಹುರಿದ ಕಡಲೆ. ಸಂಜೆಯ ಕೆಲಸದಲ್ಲಿ ಒಂದೂ ತಪ್ಪಿಸುತ್ತಿರಲಿಲ್ಲ. ಬಸ್ಸಿಳಿದವಳೇ ಎಮ್ಮೆ ಹಿಂಡಿ, ಹಿಟ್ಟು ನಾದಿ, ಎಂದಿನಂತೆ ಒಲೆಯ ಮುಂದೆ ಕೂರುತ್ತಿದ್ದಳು. ಯಲ್ಲಕ್ಕನಿಗೆ ಬೈಯಲು ಏನೂ ಸಿಗುತ್ತಿರಲಿಲ್ಲ. ಅದೇ ಅವಳನ್ನು ಇನ್ನಷ್ಟು ಕೆರಳಿಸುತ್ತಿತ್ತು.

ಬೈಯಲು ಕಾರಣವನ್ನು ಪಕ್ಕದ ಮನೆಯ ಕಸ್ತೂರಿ ತಂದುಕೊಟ್ಟಳು. ಒಂದು ದಿನ ಮೊಸರು ಕೇಳುವ ನೆವದಿಂದ ಬಂದು ಕಟ್ಟೆಯ ಮೇಲೆ ಕುಳಿತಳು.

"ಯಲ್ಲಕ್ಕತ್ತಿ, ನಮ್ಮನಿಯವ್ರು ಗೋಕಾಕದಾಗ ನಿಮ್ಮ ಸೊಸಿನ್ನ ನೋಡಿದ್ರಂತ್ರಿ. ಖಾನಾವಳ್ಯಾಗ ಗಂಡಸರ ನಡುವ ಕುಂತು ಉಣ್ಣಾಕತ್ತಿದ್ಲಂತ. ಮನ್ಯಾಗ ಏನರ ಜಗಳಾ ಆಗೇತೇನ್ರಿ?"

"ಯಾ ಜಗಳಾ?"

"ಅಲ್ರಿ, ಮನ್ಯಾಗ ಊಟಾ ಹಾಕಿದ್ರ ಅಲ್ಲಿ ಯಾಕ ಹೋಗ್ತಿದ್ಲು ಅಂತ ಮಂದಿ ಅಂತಾರ. ನಾ ಅನ್ನಾಂಗಿಲ್ಲ ಬಿಡ್ರಿ."

ಅಂದಿನಿಂದ ಯಲ್ಲಕ್ಕ ಸೊಸೆ ಬಡಿದ ರೊಟ್ಟಿ ಮುಟ್ಟಲಿಲ್ಲ. ತಾನೇ ಒಂದು ಹಿಡಿ ಅನ್ನ ಬೇಯಿಸಿಕೊಂಡು, ಹಾಲು ಹಾಕಿ ಕಲಸಿ ಉಂಡು ಎದ್ದುಬಿಡುತ್ತಿದ್ದಳು. ರೊಟ್ಟಿ ಮುಂದಿಟ್ಟರೆ, "ನನಗ ಬ್ಯಾಡ. ನನ್ನ ಪಾಲಿಂದೂ ಪೇಟ್ಯಾಗ ತಿಂದ ಬರಲಿ" ಎಂದು ಗೋಡೆಗೆ ಹೇಳುತ್ತಿದ್ದಳು.

ಸದಾಶಿವ ಕುರಿ ದಡ್ಡಿಯಲ್ಲೋ ಗೋವಿನಜೋಳದ ಹೊಲದಲ್ಲೋ ಸಮಯ ಕಳೆದು, ಇಂಥ ಮಾತುಗಳು ತಾವಾಗಿಯೇ ತಣ್ಣಗಾಗಲಿ ಎಂದು ಕಾಯುವ ಗಂಡಸು. ಈ ಸಲ ತಣ್ಣಗಾಗುವ ಲಕ್ಷಣ ಕಾಣದೆ, ಒಂದು ಮುಂಜಾನೆ ಹೆಂಡತಿ ಎಮ್ಮೆ ಹಿಂಡುವಾಗ ಹತ್ತಿರ ಹೋಗಿ ನಿಂತ.

"ಇದನ್ನ ಬಿಡಾಕ ಬರಾಂಗಿಲ್ಲೇನ?"

"ಏನನ್ನ?"

"ಗುರುವಾರ ಹೋಗೂದನ್ನ. ಮಂದಿ ಏನಂತಾರ?"

"ಮಂದಿ ಅಲ್ಲೇ ಬಂದ ಉಂತಾರ್ರಿ. ಏನೂ ಅನ್ನೂದಿಲ್ಲ."

"ಅವ್ವ ಹಾಲನ್ನ ಉಂಡ ಹಗರ ಆಗ್ಯಾಳ."

"ನಾ ಉಣಬ್ಯಾಡ ಅಂದಿಲ್ಲ. ದಿನಾ ಮುಂದಿಡತೇನಿ."

"ಬಿಸೀದು ಬೇಕ ಅಂದ್ರ ಮನ್ಯಾಗ ಹೇಳಬೇಕಿಲ್ಲ?"

ನಾಗರತ್ನಾ ಹಿಂಡುವುದನ್ನು ನಿಲ್ಲಿಸದೆ ಹೇಳಿದಳು. "ಯಾರಿಗಿ ಹೇಳ್ಲಿ? ಬಡಿಯಾಕಿ ನಾನ ಅದೇನಿ."

ಸದಾಶಿವ ಇದರ ಬಗ್ಗೆ ಎರಡು ದಿನ ಯೋಚಿಸಿದ. ಮೂಡಲಗಿಗೆ ಹೋದವನು ಒಂದು ದೊಡ್ಡ ಹಾಟ್ ಬಾಕ್ಸ್ ತಂದ. ಕೆಂಪು ಬಣ್ಣದ್ದು, ಮುಚ್ಚಳದ ಮೇಲೆ ಹೂವಿನ ಚಿತ್ರ. "ಇದರಾಗ ಇಟ್ರ ಆರಾಂಗಿಲ್ಲ. ಅಂಗಡ್ಯಾಂವ ಗ್ಯಾರಂಟಿ ಕೊಟ್ಟಾನ" ಎಂದು ಗೆದ್ದವನಂತೆ ನಡುಮನೆಯಲ್ಲಿ ಇಟ್ಟ. ಆ ಸಂಜೆ ನಾಗರತ್ನಾ ತನ್ನ ರೊಟ್ಟಿಗಳನ್ನು ಅದರಲ್ಲಿ ಇಟ್ಟಳು. ಎಲ್ಲರೂ ಉಂಡ ಮೇಲೆ ಮುಚ್ಚಳ ತೆಗೆದರೆ ಒಳಗೆಲ್ಲ ಬೆವರು. ರೊಟ್ಟಿ ತೊಯ್ದು ಒಂದಕ್ಕೊಂದು ಅಂಟಿ ಒಂದೇ ಮುದ್ದೆಯಾಗಿತ್ತು. ಗಂಡ ಹೆಂಡತಿ ಇಬ್ಬರೂ ಅದನ್ನು ಸ್ವಲ್ಪ ಹೊತ್ತು ನೋಡಿದರು.

"ಬಿಸಿ ಅಂತೂ ಐತಿ," ಎಂದ ಸದಾಶಿವ.

ನಾಗರತ್ನಾಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಆ ಮುದ್ದೆಯನ್ನು ಎಮ್ಮೆ ತಿಂದಿತು.

ಶನಿವಾರ ಅನುರಾಧಾ ನಿಡಸೋಸಿಯಿಂದ ಬಂದಳು. ಮನೆಯಲ್ಲಿ ಎರಡು ಅಡುಗೆ ನಡೆದಿರುವುದನ್ನು ಬ್ಯಾಗು ಇಳಿಸುವ ಮೊದಲೇ ಕಂಡುಕೊಂಡಳು.

"ಆಯಿ, ಇದೇನ ನಿಂದು, ಉಪವಾಸ ಸತ್ಯಾಗ್ರಹ?" ಎಂದು ಅಜ್ಜಿಯನ್ನು ಕೇಳಿದಳು.

"ನಿನ್ನ ಅವ್ವನ್ನ ಕೇಳು."

"ಅವ್ವಾ, ಏನಿದು?"

"ನಿಮ್ಮ ಆಯಿನ್ನ ಕೇಳು."

ಮುತ್ಯಾ ಪರಸಪ್ಪನನ್ನು ಕೇಳಿದಾಗ ಅವನು ಮೊದಲಿಂದ ಎಲ್ಲ ಹೇಳಿದ. ಕೊನೆಯಲ್ಲಿ, "ನಾ ಒಂದ ಮಾತ ಹೇಳಿದ್ದಕ್ಕ ಇಷ್ಟ ಆತು ನೋಡು" ಎಂದು ಬೇಜಾರಿನಿಂದ ಹುರಿದ ಕಡಲೆ ಬಾಯಿಗೆ ಹಾಕಿಕೊಂಡ. ಅನುರಾಧಾ ಅಂದಿನ ರೊಟ್ಟಿ ತಾನೇ ಬಡಿಯುವುದಾಗಿ ಸಾರಿದಳು. ತಾಯಿಯನ್ನು ಕೈ ಹಿಡಿದು ತಂದು ಪಡಸಾಲೆಯಲ್ಲಿ ಕೂರಿಸಿದಳು. ಮೊದಲನೆಯದು ಎತ್ತುವಾಗಲೇ ಹರಿಯಿತು. ಎರಡನೆಯದರಲ್ಲಿ ನಡುವೆ ಕೈ ತೂರುವಷ್ಟು ತೂತು. ಮೂರನೆಯದು ಹಂಚಿನ ಮೇಲೆ ಕರ್ರಗಾಗುವ ವಾಸನೆಗೆ ನಾಗರತ್ನಾ ಕುಳಿತಲ್ಲೇ ಚಡಪಡಿಸಿದಳು. ಕೊನೆಗೆ ಎದ್ದು ಹೋಗಿ ಮಗಳನ್ನು ಸರಿಸಿದಳು.

"ನಾಕ ವರ್ಷ ಆತು ಕಾಲೇಜ ಕಲ್ಯಾಕತ್ತಿ. ಒಂದ ರೊಟ್ಟಿ ತಿರುವಾಕ ಬರಾಂಗಿಲ್ಲ," ಎಂದಳು ಯಲ್ಲಕ್ಕ.

"ನೀ ಕಲಿಸಿದ್ದಿಲ್ಲೇನ ಆಯಿ?"

"ನಾ ಕಲಿಸಾಕ ಹೋದ್ರ ನೀ ಫೋನ ಹಿಡದ ಕುಂಡ್ರತಿದ್ದಿ."

"ಆತ ಬಿಡ. ಒಂದ ಮಾತ ಕೇಳ್ತೇನಿ. ಅವ್ವ ಹೋಗೂ ಆ ಖಾನಾವಳಿ ನೀ ನೋಡೀಯೇನ?"

"ನಾ ಯಾಕ ನೋಡ್ಲಿ?"

"ನೋಡಲಾರದ ಬೈಯಾಕತ್ತೀದಿ. ಒಮ್ಮೆ ನೋಡಿ ಬಾ, ಆಮ್ಯಾಲ ಬೈ."

ಯಲ್ಲಕ್ಕ ಹಾಲನ್ನ ಕಲಸತೊಡಗಿದಳು. ಆದರೆ ಮುಂದಿನ ಗುರುವಾರ ನಾಗರತ್ನಾ ಬೆಣ್ಣೆ ಹೊತ್ತು ಬಸ್ ಸ್ಟ್ಯಾಂಡಿಗೆ ಬಂದಾಗ, ಅತ್ತೆ ಇಳಕಲ್ಲ ಸೀರೆ ಉಟ್ಟು ಮೊದಲೇ ಬಂದು ನಿಂತಿದ್ದಳು. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟು ಹಿಡಿದರು. ನಾಗರತ್ನಾ ಎರಡು ಟಿಕೇಟು ತೆಗೆಸಿದಳು. ಯಲ್ಲಕ್ಕನೂ ಎರಡು ತೆಗೆಸಿದಳು. ಕಂಡಕ್ಟರು ಇಬ್ಬರ ನಡುವೆ ಓಡಾಡಿ, "ನೀವಿಬ್ರೂ ಒಂದ ಮನಿಯವ್ರ ಅದೀರೊ, ಇಲ್ಲೊ?" ಎಂದು ಕೇಳಿದ. ಇಬ್ಬರೂ ಕಿಟಕಿಯ ಹೊರಗೆ ನೋಡಿದರು.

ಅಂಗಡಿಯ ಮುಂದೆ ಯಲ್ಲಕ್ಕ ಮೊದಲು ಬೆಣ್ಣೆಯ ತೂಕ ನೋಡಿದಳು. ತಕ್ಕಡಿ ಸರಿಯಿತ್ತು. ಹಿಂಡಿಯ ಡಬ್ಬಿಗಳಿಂದ ಒಂದೊಂದು ಚಿಟಿಕೆ ನಾಲಿಗೆಗೆ ಹಚ್ಚಿ ನೋಡಿದಳು. ಆಮೇಲೆ ಚೀಲಗಳ ನಡುವೆ ಸೊಸೆಯ ಹಿಂದೆ ನುಸುಳಿ ಒಳಗೆ ಬಂದು, ಮಾಡು, ಮೇಜು, ನಳ ಎಲ್ಲದರ ಮೇಲೂ ಕಣ್ಣಾಡಿಸಿದಳು.

"ಇಷ್ಟ?" ಎಂದಳು. "ನಾ ಏನೋ ಮಹಲ ಐತಿ ಅಂತ ತಿಳದಿದ್ನಿ."

ಇಂದುಬಾಯಿ ಬಂದು, "ಇವ್ರು ಯಾರ್ರಿ, ನಿಮ್ಮ ತಾಯಾರೇನು?" ಎಂದಳು.

"ಅತ್ತಿಯವ್ರರಿ."

"ಬರ್ರಿ, ಕುಂಡ್ರಿ."

"ನಾ ಉಣ್ಣಾಕ ಬಂದಿಲ್ಲವಾ. ನೋಡಾಕ ಬಂದೇನಿ."

"ಕುಂತ ನೋಡ್ರಿ ಮತ್ತ," ಎಂದಳು ಇಂದುಬಾಯಿ. ಕುಳಿತವರ ಮುಂದೆ ಎರಡು ಗಂಗಾಳ ಇಟ್ಟು ಹೋದಳು.

ಯಲ್ಲಕ್ಕ ಕೈ ಕಟ್ಟಿಕೊಂಡು ಕುಳಿತಳು. ನಾಗರತ್ನಾ ತನ್ನಷ್ಟಕ್ಕೆ ತಾನು ಊಟ ಶುರು ಮಾಡಿದಳು. ಎದುರಿಗಿದ್ದ ರೊಟ್ಟಿಯ ಉಬ್ಬು ಮೆಲ್ಲಗೆ ಇಳಿಯತೊಡಗಿತು. ದಿನಗಟ್ಟಲೆ ಹಾಲನ್ನ ಉಂಡು ಬಾಯಿ ಕೆಟ್ಟಿದ್ದ ಮುದುಕಿ ಅದನ್ನು ನೋಡುತ್ತ ಎಷ್ಟು ಹೊತ್ತು ಕೂತಾಳು. ಒಂದು ತುಂಡು ಮುರಿದಳು. ಬದನೆಕಾಯಿ ಮುಟ್ಟಿ ನೋಡಿದಳು. ಆಮೇಲೆ ಕೈ ನಿಲ್ಲಲಿಲ್ಲ. ಮೂರನೇ ರೊಟ್ಟಿ ಬೀಳುವಾಗ ತಲೆಯೆತ್ತಿ ಹೇಳಿದಳು.

"ಯಾರ ಬಡಿಯಾಕತ್ತಾರ ಇದನ್ನ? ಕೈ ಚಲೋ ಐತಿ."

"ಬಾಳವ್ವ ಅಂತರಿ. ಒಳಗ ಅದಾಳ," ಎಂದಳು ಇಂದುಬಾಯಿ.

ಯಲ್ಲಕ್ಕ ಕೈ ತೊಳೆದು ನೇರ ಒಳಗಿನ ಕೋಣೆಯ ಬಾಗಿಲಿಗೆ ಹೋಗಿ ನಿಂತಳು. ಹೊಗೆಯಲ್ಲಿ ಅವಳಷ್ಟೇ ವಯಸ್ಸಿನ ಒಬ್ಬ ಹೆಂಗಸು ಹಂಚಿನ ಮುಂದೆ ಕುಳಿತಿದ್ದಳು. ಹಣೆಯ ಬೆವರನ್ನು ತೋಳಿಗೆ ಒರೆಸಿಕೊಳ್ಳುತ್ತಿದ್ದಳು. ಕೈ ಮಾತ್ರ ನಿಂತಿರಲಿಲ್ಲ.

"ಬಾಳವ್ವ, ನಿಂದು ಊಟ ಆತೇನ?"

"ಎಲ್ಲಾರದೂ ಮುಗೀಲಿ ಯಕ್ಕಾ. ಆಮ್ಯಾಲ."

"ಆಮ್ಯಾಲ ಬಿಸೀದು ಇರತೈತೇನ?"

ಬಾಳವ್ವ ನಕ್ಕುಬಿಟ್ಟಳು. "ಬಿಸೀದ ತಿನ್ನಾಕ ನಾ ಕುಂತ್ರ ಇಲ್ಲಿ ಬಡಿಯಾವ್ರ ಯಾರ?"

ಯಲ್ಲಕ್ಕ ಹಿಂದೆ ತಿರುಗಿ ನೋಡಿದಳು. ಬಾಗಿಲಲ್ಲಿ ನಾಗರತ್ನಾ ನಿಂತಿದ್ದಳು. ಆರಿಯೇ ಇರತಾವಲ್ರಿ ಎಂದು ಸೊಸೆ ಒಲೆ ಮುಂದಿನಿಂದ ಹೇಳಿದ್ದನ್ನೇ ಈ ಗುರುತಿಲ್ಲದ ಹೆಂಗಸು ಬೇರೆ ಮಾತಿನಲ್ಲಿ ಹೇಳಿದ್ದಳು. ಯಲ್ಲಕ್ಕ ಇಳಕಲ್ಲ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಏಳ ನೀ," ಎಂದಳು ಬಾಳವ್ವನಿಗೆ. "ಹೊರಗ ಹೋಗಿ ಬೆಂಚಿನ ಮ್ಯಾಲ ಕುಂಡ್ರು. ನಾ ಬಡೀತೇನಿ."

ಬಾಳವ್ವ ಗಾಬರಿಯಿಂದ ಇಂದುಬಾಯಿಯ ಮುಖ ನೋಡಿದಳು. ಬಾಬಾಸಾಹೇಬ ಕಟ್ಟೆಯಿಂದ ಎದ್ದು ಬಂದಿದ್ದ. "ಅಹೋ, ಗಿರಾಕಿ ಟೈಮ್ ಐತಿ ಈಗ" ಎಂದು ಮೆಲ್ಲಗೆ ಹೇಳಿದ. ಇಂದುಬಾಯಿ ಒಂದು ಗಳಿಗೆ ಕನ್ನಡಕ ತೆಗೆದು ಒರೆಸಿದಳು. ಮದುವೆಯಾಗಿ ಬಂದ ಮೇಲೆ ಬಾಳವ್ವನನ್ನು ಬಿಟ್ಟರೆ ಆ ಒಲೆಗೆ ಹೊರಗಿನವರನ್ನು ಅವಳು ಬಿಟ್ಟುಕೊಂಡಿರಲಿಲ್ಲ.

"ಕೈಕಾಲ ತೊಳಕೊಂಡ ಬರ್ರಿ ಯಕ್ಕಾ," ಎಂದಳು ಕೊನೆಗೆ. "ಬಾಳವ್ವಾ, ಹೋಗ, ಕುಂಡ್ರ ಹೋಗು. ಗಿರಾಕಿ ಸ್ವಲ್ಪ ಕಾಯ್ತಾರ."

ಬಾಳವ್ವ ಊಟಕ್ಕೆ ಕುಳಿತಿದ್ದ ಒಬ್ಬ ಕಂಡಕ್ಟರನ ಪಕ್ಕ ಬೆಂಚಿನ ತುದಿಯಲ್ಲಿ ಅತಿಥಿಯಂತೆ ಮುದುಡಿ ಕುಳಿತಳು. ಒಳಗೆ ಯಲ್ಲಕ್ಕ ಹಿಟ್ಟು ತಟ್ಟಿದಳು, ನಾಗರತ್ನಾ ಹಂಚಿನ ಮೇಲೆ ನೀರು ಸವರಿ ತಿರುವಿದಳು. ಮೊದಲ ರೊಟ್ಟಿಯನ್ನು ಇಂದುಬಾಯಿ ತಾನೇ ಒಯ್ದು ಬಾಳವ್ವನ ಗಂಗಾಳಕ್ಕೆ ಹಾಕಿದಳು.

ಹಂಚಿನಿಂದ ನಾಲ್ಕಾರು ರೊಟ್ಟಿ ಇಳಿದವು. ಆಮೇಲೆ ಯಲ್ಲಕ್ಕ ಹಿಟ್ಟಿನಿಂದ ಕಣ್ಣೆತ್ತದೆ ಕೇಳಿದಳು.

"ಖರೆ ಹೇಳು. ಇಷ್ಟ ವರ್ಷ ಒಲಿ ಮುಂದ ಕುಂತು ನೀ ಒಂದೂ ತಿಂದಿಲ್ಲ?"

"ಯಾವಾಗರಿ?"

"ಬಡಿಯುವಾಗ. ಮೊದಲನೇದು."

"ಅದು ಮಾವಾರಿಗೆ ಹೋಗ್ತೈತೆಲ್ರಿ."

ಯಲ್ಲಕ್ಕನ ಕೈ ನಿಂತಿತು. ಅವಳು ಸೊಸೆಯನ್ನು ಮೊದಲ ಸಲ ನೋಡುತ್ತಿರುವಂತೆ ನೋಡಿದಳು.

"ಎಂಥಾ ಹುಚ್ಚಿ ಅದಿ ನೀ. ನಮ್ಮತ್ತಿ ಇದ್ದಾಗ ನಾ ಮೊದಲನೇದು ಯಾರಿಗೂ ಕೊಡತಿದ್ದಿಲ್ಲ. ಉಪ್ಪು ಖಾರ ಹಚ್ಚಿ, ಸುರಳಿ ಸುತ್ತಿ, ಒಲಿ ಕಡೆ ಮಾರಿ ಮಾಡಿ ತಿಂದ ಬಿಡತಿದ್ನಿ. ರೊಟ್ಟಿ ಯಾಕ ತಡಾ ಅಂತ ಹೊರಗಿಂದ ಒದರಿದ್ರ, ಹಂಚ ಕಾದಿಲ್ಲ ಅಂತಿದ್ನಿ."

"ಅತ್ತಿ, ನೀವು?"

"ನಾನ. ಹಂಚ ಕಾದಿಲ್ಲ ಅಂತ ಎಷ್ಟ ವರ್ಷ ಹೇಳೇನಿ. ನಿಮ್ಮ ಮಾವ ಇನ್ನೂ ನಮ್ಮ ಹಳೇ ಹಂಚ ದಪ್ಪ ಇತ್ತು ಅಂತ ತಿಳಕೊಂಡಾನ. ನೀನೂ ಹಂಗ ತಿಂತಿ ಅಂತ ನಾ ತಿಳದಿದ್ನಿ. ಅದಕ್ಕ ಕಡೀಕ ಎರಡ ತಿಂತಾಳ, ಹೊಟ್ಟಿ ಮೊದಲ ತುಂಬೇತಿ ಅಂತ ಸುಮ್ನಿದ್ನಿ."

ನಾಗರತ್ನಾ ಬಿಕ್ಕಳಿಕೆಯ ಹಾಗೆ ತಡೆತಡೆದು ನಗಲು ಶುರು ಮಾಡಿದಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಹೊಗೆಗೆ ಎಂದು ಸೆರಗಿನಿಂದ ಒರೆಸಿಕೊಂಡಳು. ಹಂಚಿನ ಮೇಲಿನ ರೊಟ್ಟಿ ಸುಟ್ಟು ಕರ್ರಗಾಯಿತು.

"ತಿರುವು, ತಿರುವು," ಎಂದಳು ಯಲ್ಲಕ್ಕ. "ಬಾಳವ್ವ ಏನ ತಿಳಕೊಂಡಾಳು."

ತಿರುಗಿ ಹೋಗುವಾಗ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತರು. ಇಂದುಬಾಯಿ ಅವತ್ತಿನ ಊಟದ ಹಣ ತೆಗೆದುಕೊಳ್ಳಲಿಲ್ಲ. ಯಲ್ಲಕ್ಕ ಅದಕ್ಕೆ ಜಗಳ ಮಾಡಿ, ಸೋತು, ಆ ದುಡ್ಡಿಗೆ ಅಗಸಿ ಹಿಂಡಿ ಕಟ್ಟಿಸಿಕೊಂಡಳು. ತುಕ್ಕಾನಟ್ಟಿಯಲ್ಲಿ ಇಳಿದಾಗ ಕಸ್ತೂರಿ ತನ್ನ ಕಟ್ಟೆಯ ಮೇಲೇ ಇದ್ದಳು.

"ಎಲ್ಲಿಗಿ ಹೋಗಿದ್ರಿ ಯಲ್ಲಕ್ಕತ್ತಿ?"

"ಖಾನಾವಳಿಗಿ," ಎಂದಳು ಯಲ್ಲಕ್ಕ ನಿಲ್ಲದೆ. "ಬದನಿಕಾಯಿ ಚಲೋ ಮಾಡ್ತಾರ. ನೀನೂ ಒಮ್ಮೆ ಹೋಗು."

ಆ ಸಂಜೆ ಪಡಸಾಲೆಯಲ್ಲಿ ಗಂಡಸರು ಊಟಕ್ಕೆ ಕುಳಿತು ಸಾಕಷ್ಟು ಹೊತ್ತಾಗಿತ್ತು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು, ರೊಟ್ಟಿ ಮಾತ್ರ ಹೊರಗೆ ಬರುತ್ತಿರಲಿಲ್ಲ. ಸದಾಶಿವ ಹಣಿಕಿ ನೋಡಿದ. ತಾಯಿ ಹಿಟ್ಟಿನ ಪರಾತದ ಮುಂದೆ ಇದ್ದಳು. ಹೆಂಡತಿ ಮಣೆಯ ಮೇಲೆ ಗಂಗಾಳ ಇಟ್ಟುಕೊಂಡು ಉಣ್ಣುತ್ತಿದ್ದಳು.

"ಇನ್ನ ಮ್ಯಾಲ ಇದ ಪದ್ಧತಿ," ಎಂದಳು ಯಲ್ಲಕ್ಕ ಮಗನಿಗೆ. "ಸಂಜೀಕ ಮೊದಲು ಆಕಿ ಉಂತಾಳ. ಆಮ್ಯಾಲ ಆಕಿ ಬಡೀತಾಳ, ನೀವು ನಾವು ಉಣ್ಣೂದು. ಅಲ್ಲೀತನಾ ಹೊರಗ ಕುಂತ ಕಾಯ್ರಿ."

"ಎಷ್ಟ ಹೊತ್ತ?"

"ಹೊಟ್ಟಿ ತುಂಬೂಮಟ."

ಸದಾಶಿವ ಹೊರಗೆ ಬಂದು ಅಪ್ಪನಿಗೆ ವಿಷಯ ತಿಳಿಸಿದ. ಪರಸಪ್ಪ ಕಿಸೆಯಿಂದ ಹುರಿದ ಕಡಲೆ ತೆಗೆದು ಮಗನ ಕೈಗೂ ಒಂದಿಷ್ಟು ಹಾಕಿದ. ಇಬ್ಬರೂ ಕಡಲೆ ಅಗಿಯುತ್ತ ಕುಳಿತರು. ಮುದುಕನಿಗೆ ಅದರಲ್ಲಿ ಅಂಥ ಕಷ್ಟವೇನೂ ಕಾಣಲಿಲ್ಲ.

ವಾರಗಳು ಹೀಗೇ ಹೋದವು. ಯಲ್ಲಕ್ಕ ಹಾಲನ್ನ ಬಿಟ್ಟಳು. ಅನುರಾಧಾಳ ರೊಟ್ಟಿ ಹರಿಯದೆ ಹಂಚಿನವರೆಗೆ ತಲುಪುವಂತಾಯಿತು. ಹಾಟ್ ಬಾಕ್ಸಿನಲ್ಲಿ ಈಗ ಶೇಂಗಾ ತುಂಬಿಟ್ಟಿದ್ದರು. ಜಗಳ ಮುಗಿದ ಮೇಲೆ ಗುರುವಾರವೂ ನಿಲ್ಲುತ್ತದೆ ಎಂದು ಸದಾಶಿವ ತಿಳಿದಿದ್ದ. ಆದರೆ ಅದು ನಿಲ್ಲಲಿಲ್ಲ. ಒಂದು ಗುರುವಾರ ಮಧ್ಯಾಹ್ನದ ಊಟವನ್ನು ಬೇಗನೇ ಬಡಿಸಿ, ನಾಗರತ್ನಾ ಬೆಣ್ಣೆಯ ಪಾತ್ರೆಗೆ ಬಟ್ಟೆ ಕಟ್ಟತೊಡಗಿದಳು. ಯಲ್ಲಕ್ಕ ಒಳಗೆ ಸೀರೆ ಉಡುತ್ತಿದ್ದಳು.

"ಈಗ ಮನ್ಯಾಗ ಬಿಸೀದ ಸಿಗತೈತೆಲ್ಲ," ಎಂದ ಸದಾಶಿವ, ಗಂಗಾಳದಲ್ಲಿ ಕೈ ತೊಳೆಯುತ್ತ. "ಮತ್ತ ಯಾಕ ಹೊಂಟಿ?"

"ಅಲ್ಲಿ ಉಂಡ ಗಂಗಾಳಾ ಅಲ್ಲೇ ಬಿಟ್ಟ ಬರತೇನ್ರಿ," ಎಂದಳು ನಾಗರತ್ನಾ.

ಅವಳು ಅದನ್ನೂ ದೂರಿನಂತೆ ಹೇಳಲಿಲ್ಲ. ಪಾತ್ರೆ ಎತ್ತಿಕೊಂಡು ಅಂಗಳಕ್ಕೆ ಇಳಿದಳು. ಸದಾಶಿವ ತನ್ನ ಮುಂದಿನ ಗಂಗಾಳವನ್ನು ನೋಡಿದ. ಹುಟ್ಟಿದಾಗಿನಿಂದ ಉಂಡೆದ್ದ ಮೇಲೆ ಅದು ಎಲ್ಲಿಗೆ ಹೋಗುತ್ತದೆಂದು ಅವನು ಯೋಚಿಸಿರಲಿಲ್ಲ. ಅದನ್ನು ಎತ್ತಿಕೊಂಡು ಬಚ್ಚಲ ಕಲ್ಲಿನ ಕಡೆ ನಡೆದ.

"ನಂದೂ ಒಯ್ಯೋ," ಎಂದು ಪರಸಪ್ಪ ತನ್ನದನ್ನು ಮುಂದೆ ತಳ್ಳಿದ.

ಬಾಗಿಲು ದಾಟುತ್ತಿದ್ದ ಯಲ್ಲಕ್ಕ ತಿರುಗಿ ನಿಂತಳು. "ನಿಮ್ಮ ಕೈಗೇನಾಗೇತಿ?"

ಬಸ್ಸಿನ ಹಾರ್ನ್ ಕೇಳಿಸಿತು. ಹೆಂಗಸರಿಬ್ಬರೂ ಬೇಗ ಬೇಗ ಹೆಜ್ಜೆ ಹಾಕಿದರು. ಪರಸಪ್ಪ ಮೊಣಕಾಲಿಗೆ ಕೈ ಕೊಟ್ಟು ಎದ್ದು, ಗಂಗಾಳ ಹಿಡಿದುಕೊಂಡು ಹೋಗಿ ಮಗನ ಬಾಜೂ ಕುಕ್ಕುರುಗಾಲಿನಲ್ಲಿ ಕುಳಿತ. ಕಲ್ಲಿನ ಸುತ್ತ ಒಮ್ಮೆ ನೋಡಿದ.

"ತಿಕ್ಕೂ ಬೂದಿ ಎಲ್ಲಿ ಇಡ್ತಾರೋ?"

ಸದಾಶಿವನಿಗೂ ಗೊತ್ತಿರಲಿಲ್ಲ.